ಸಂಧಾನದ ಮೇಜು, ಹೊಲದ ಲೆಕ್ಕ

1944ರ ಜುಲೈನಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳು ಸೇರಿ ಐಎಂಎಫ್ ಮತ್ತು ವಿಶ್ವಬ್ಯಾಂಕಿಗೆ ರೂಪ ಕೊಟ್ಟಾಗ ಭಾರತಕ್ಕಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ನಮ್ಮ ನಿಯೋಗದ ಮುಖ್ಯಸ್ಥರು ವೈಸ್‌ರಾಯ್ ಸರ್ಕಾರದ ಹಣಕಾಸು ಸದಸ್ಯ ಜೆರೆಮಿ ರೈಸ್‌ಮನ್. ಜೊತೆಗೆ ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಸಿ.ಡಿ. ದೇಶಮುಖ್, ಷಣ್ಮುಖಂ ಚೆಟ್ಟಿ, ಎ.ಡಿ. ಶ್ರಾಫ್ ಇದ್ದರು. ಯುದ್ಧಕ್ಕೆಂದು ಬ್ರಿಟನ್ ಸಾಲವಾಗಿ ಕೊಂಡೊಯ್ದ ಸರಕಿನ ಹಣ ಹೇಗೆ ವಾಪಸ್ ಬರುತ್ತದೆ ಎಂಬ ಪ್ರಶ್ನೆಯನ್ನು ಅವರು ಎತ್ತಿದರು. ಲಂಡನ್ನಿನಲ್ಲಿ ಜಮೆಯಾಗುತ್ತಿದ್ದ ಆ ಸ್ಟರ್ಲಿಂಗ್ ಬಾಕಿ ಯುದ್ಧ ಮುಗಿಯುವ ಹೊತ್ತಿಗೆ ನೂರು ಕೋಟಿ ಪೌಂಡ್ ದಾಟಿತು. ಅದರ ಬೆನ್ನಿಗೇ ಇಲ್ಲಿ ನೋಟು ಅಚ್ಚಾಗಿ ಬೆಲೆ ಏರಿತ್ತು, 1943ರಲ್ಲಿ ಬಂಗಾಳ ಹಸಿವಿನಿಂದ ಸತ್ತಿತ್ತು. ಆ ಬಾಕಿ ಭಾರತ ಮತ್ತು ಬ್ರಿಟನ್ ತಮ್ಮತಮ್ಮಲ್ಲೇ ಇತ್ಯರ್ಥ ಮಾಡಿಕೊಳ್ಳಬೇಕಾದ ವಿಷಯ ಎಂದು ಬ್ರಿಟನ್ ನಿಯೋಗದ ಮುಖ್ಯಸ್ಥ, ಅರ್ಥಶಾಸ್ತ್ರಜ್ಞ ಕೇನ್ಸ್ ಪ್ರಶ್ನೆಯನ್ನು ಬದಿಗಿಟ್ಟರು.

ಅಂತರರಾಷ್ಟ್ರೀಯ ಆರ್ಥಿಕ ವ್ಯವಹಾರ ನೋಡುವ ನಮ್ಮ ಅಧಿಕಾರಿಗಳ ಚರಿತ್ರೆಯನ್ನು ತಂದ ಸಾಲದ ಮೊತ್ತದಿಂದ ಅಳೆಯುವುದು ರೂಢಿ. ಸಂಧಾನಕ್ಕೆ ಕುಳಿತವರಿಗೂ ಅದರ ಫಲ ಉಣ್ಣುವವರಿಗೂ ನಡುವೆ ಇದ್ದ ದೂರ ಎಷ್ಟು ಎಂದು ನೋಡುವುದೇ ಹೆಚ್ಚು ಸರಿ ಎಂದು ನಾನು ನಂಬುತ್ತೇನೆ.

ಸ್ವಾತಂತ್ರ್ಯದ ನಂತರದ ಮೊದಲ ಘಟ್ಟ ನೆರವು ಕೇಳುವುದರದು. ಎರಡನೇ ಪಂಚವಾರ್ಷಿಕ ಯೋಜನೆಯ ಆಮದಿಗೆ ವಿದೇಶಿ ವಿನಿಮಯ ಕರಗಿಹೋದಾಗ, 1958ರಲ್ಲಿ ಐಸಿಎಸ್ ಅಧಿಕಾರಿ ಬಿ.ಕೆ. ನೆಹರೂ ಆರ್ಥಿಕ ವ್ಯವಹಾರಗಳ ಕಮಿಷನರ್ ಜನರಲ್ ಆಗಿ ವಾಷಿಂಗ್ಟನ್‌ಗೆ ಹೋದರು. ಆ ವರ್ಷದ ಆಗಸ್ಟ್‌ನಲ್ಲಿ ವಿಶ್ವಬ್ಯಾಂಕಿನ ನೇತೃತ್ವದಲ್ಲಿ ನೆರವು ಕೊಡುವ ದೇಶಗಳ ಒಕ್ಕೂಟ ಸೇರಿತು. ಪ್ರತಿ ದೇಶದ ಬಾಗಿಲು ಬೇರೆ ಬೇರೆಯಾಗಿ ತಟ್ಟುವುದು ತಪ್ಪಿತು. ಷರತ್ತು ಹಾಕುವವರೂ ಒಟ್ಟಾದರು. ಅದರ ಬಿಸಿ 1966ರಲ್ಲಿ ತಟ್ಟಿತು. ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ಇಳಿಸಲಾಯಿತು. ಅದಕ್ಕೆ ಪ್ರತಿಯಾಗಿ ನಿರೀಕ್ಷಿಸಿದ್ದ ನೆರವು ಮಾತು ಕೊಟ್ಟಷ್ಟು ಬರಲಿಲ್ಲ.

ಆ ಪಾಠ ಕಲಿತ ತಲೆಮಾರಿಗೆ ಐ.ಜಿ. ಪಟೇಲ್ ಮಾದರಿ. ಕೇಂಬ್ರಿಜ್‌ನಲ್ಲಿ ಓದಿ, ಐಎಂಎಫ್‌ನಲ್ಲಿ ದುಡಿದು ದಿಲ್ಲಿಗೆ ಬಂದ ಅವರು ಮುಖ್ಯ ಆರ್ಥಿಕ ಸಲಹೆಗಾರರಾದರು, ಆರ್ಥಿಕ ವ್ಯವಹಾರಗಳ ಕಾರ್ಯದರ್ಶಿಯಾದರು, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಐದು ವರ್ಷ ಇದ್ದು ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿ ದೇಶಕ್ಕೆ ಮರಳಿದರು. ಮನಮೋಹನ್ ಸಿಂಗ್ ಅವರದೂ ಇದೇ ಜಾಡು: ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ ಅಂಕ್ಟಾಡ್, ಹಣಕಾಸು ಸಚಿವಾಲಯ, ರಿಸರ್ವ್ ಬ್ಯಾಂಕ್, ಅಭಿವೃದ್ಧಿಶೀಲ ದೇಶಗಳ ಪರವಾಗಿ ಜಿನೀವಾದಲ್ಲಿದ್ದ ಸೌತ್ ಕಮಿಷನ್. ಹೊರಗಿನ ಸಂಸ್ಥೆ ಹೇಗೆ ಯೋಚಿಸುತ್ತದೆಂಬುದೂ ಮನೆಯ ಕಡತದಲ್ಲಿ ಏನಿದೆಯೆಂಬುದೂ ಒಬ್ಬರಿಗೇ ಗೊತ್ತಿರುವುದು ದೊಡ್ಡ ಬಲ. 1981ರಲ್ಲಿ ಐಎಂಎಫ್‌ನಿಂದ ಅದರದೇ ಲೆಕ್ಕದ ಹಣದಲ್ಲಿ 500 ಕೋಟಿ ಎಸ್‌ಡಿಆರ್ ಸಾಲ ಪಡೆಯುವಾಗ, ಈ ಕಾರ್ಯಕ್ರಮ ನಮ್ಮ ಆರನೇ ಯೋಜನೆಯದೇ ಎಂದು ಭಾರತ ವಾದಿಸಿತು. ಕೊನೆಯ 110 ಕೋಟಿಯನ್ನು ತೆಗೆದುಕೊಳ್ಳದೆಯೇ 1984ರಲ್ಲಿ ಒಪ್ಪಂದ ಮುಗಿಸಿತು. ಚಿನ್ನ ಅಡವಿಟ್ಟ 1991ರ ಬಿಕ್ಕಟ್ಟಿನ ಕತೆ ಎಲ್ಲರಿಗೂ ಗೊತ್ತಿರುವುದೇ. ಆಗ ಹಣಕಾಸು ಸಚಿವ ಸ್ಥಾನಕ್ಕೆ ಪ್ರಧಾನಿ ನರಸಿಂಹ ರಾವ್ ಮೊದಲು ಕರೆದದ್ದು ಪಟೇಲರನ್ನು. ಅವರು ಒಲ್ಲೆ ಎಂದ ಮೇಲೆ ಮನಮೋಹನ್ ಸಿಂಗ್ ಬಂದರು.

ಇಷ್ಟಾದರೂ ಈ ಕಾಲದ ಒಂದು ಕೊರತೆಯನ್ನು ಮರೆಯಲಾಗದು. ಸಾಲದ ಷರತ್ತಾಗಲಿ ವ್ಯಾಪಾರ ಒಪ್ಪಂದದ ಕಲಮಾಗಲಿ ಬೆರಳೆಣಿಕೆಯ ಜನರಿಗಷ್ಟೇ ತಿಳಿದಿರುತ್ತಿತ್ತು. ಜಾಗತಿಕ ವ್ಯಾಪಾರ ಒಪ್ಪಂದವಾದ ಗ್ಯಾಟ್‌ನ ಉರುಗ್ವೆ ಸುತ್ತಿನ ಮಾತುಕತೆಯಲ್ಲಿ ಆ ಮೌನ ಒಡೆಯಿತು. ಜಿನೀವಾದಲ್ಲಿ ಎಸ್.ಪಿ. ಶುಕ್ಲಾ, ಅವರ ನಂತರ ಬಿ.ಕೆ. ಝುಟ್ಶಿ ಭಾರತದ ಪರ ಕುಳಿತಿದ್ದರು. 1991ರ ಡಿಸೆಂಬರಿನಲ್ಲಿ ಗ್ಯಾಟ್ ಮುಖ್ಯಸ್ಥ ಡಂಕೆಲ್ ಅವರ ಕರಡು ಒಪ್ಪಂದ ಹೊರಬಿದ್ದಾಗ, ಬಿತ್ತನೆ ಬೀಜ ಇನ್ನು ಯಾರ ಸೊತ್ತು ಎಂದು ಗಟ್ಟಿಯಾಗಿ ಕೇಳಿದವರು ಎಂ.ಡಿ. ನಂಜುಂಡಸ್ವಾಮಿ ಮತ್ತು ಕರ್ನಾಟಕ ರಾಜ್ಯ ರೈತ ಸಂಘ. ಮರು ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಸೀಡ್ಸ್ ಕಚೇರಿಗೆ ನುಗ್ಗಿದ ರೈತರು ಅಲ್ಲಿನ ಕಾಗದಪತ್ರಗಳನ್ನು ಸುಟ್ಟರು. ಆ ದಾರಿಯನ್ನು ನಾನು ಒಪ್ಪಲಾರೆ. ಆದರೆ ಪ್ರಶ್ನೆ ನ್ಯಾಯವಾದುದು, ಅದನ್ನು ಕೇಳಲು ರೈತರಿಗೆ ಬೇರೆ ವೇದಿಕೆ ಇರಲಿಲ್ಲ.

ಸಸ್ಯತಳಿಗಳಿಗೆ ಪೇಟೆಂಟ್ ಕೊಡಲೇಬೇಕಿಲ್ಲ, ದೇಶ ತನ್ನದೇ ಬಗೆಯ ಕಾನೂನಿನಿಂದ ರಕ್ಷಣೆ ಕೊಡಬಹುದು ಎಂಬ ಅವಕಾಶ ಅಂತಿಮ ಒಪ್ಪಂದದಲ್ಲಿ ಉಳಿಯಿತು. ಅದನ್ನು ಹಿಡಿದೇ 2001ರಲ್ಲಿ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬಂತು. ಬೀಜವನ್ನು ಉಳಿಸಿಕೊಳ್ಳುವ, ಹಂಚುವ, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕು ರೈತನ ಕೈಯಲ್ಲೇ ಉಳಿಯಿತು. ಬೀದಿಯ ಒತ್ತಡಕ್ಕೆ ಕಲಮಿನ ಅರಿವೂ ಜೊತೆಯಾದ್ದರಿಂದ ದೊರೆತ ಫಲ ಇದು. ಸಾವಿರಾರು ಕೋಟಿಯ ಯಾವ ಸಾಲಕ್ಕಿಂತಲೂ ದೊಡ್ಡದು ಎಂದೇ ನನ್ನ ಎಣಿಕೆ.

ಇಂದಿನ ಸಂಧಾನಕಾರರ ಮುಂದಿರುವುದು ಪಡಿತರಕ್ಕೆಂದು ಸರ್ಕಾರ ಕೊಳ್ಳುವ ಧಾನ್ಯದ ಪ್ರಶ್ನೆ. ಬೆಂಬಲ ಬೆಲೆಯಲ್ಲಿ ಎಷ್ಟು ಸಬ್ಸಿಡಿ ಅಡಗಿದೆ ಎಂಬುದನ್ನು ವಿಶ್ವ ವ್ಯಾಪಾರ ಸಂಸ್ಥೆ 1986–88ರ ಬೆಲೆಗೆ ಹೋಲಿಸಿ ಲೆಕ್ಕ ಹಾಕುತ್ತದೆ. ಅಂದಿನಿಂದ ಗೊಬ್ಬರ, ಕೂಲಿ, ಡೀಸೆಲ್ ಎಲ್ಲದರ ಬೆಲೆ ಏರಿದ್ದು ಆ ಲೆಕ್ಕಕ್ಕೆ ಕಾಣುವುದಿಲ್ಲ. ಹಾಗಾಗಿ ಬಾಳಿಕೆಯ ಪರಿಹಾರ ಸಿಗುವವರೆಗೆ ಇಂಥ ಖರೀದಿಯ ಮೇಲೆ ವ್ಯಾಜ್ಯ ಹೂಡುವಂತಿಲ್ಲ ಎಂಬ ರಕ್ಷಣೆಗಾಗಿ ಭಾರತದ ನಿಯೋಗ 2013ರಲ್ಲಿ ಬಾಲಿಯಲ್ಲಿ ಪಟ್ಟು ಹಿಡಿಯಿತು, ಪಡೆದೂ ಪಡೆಯಿತು. ಭತ್ತದ ಬೆಂಬಲ ಆ ಸಂಸ್ಥೆಯ ಸಬ್ಸಿಡಿ ಮಿತಿಯನ್ನು ಮೀರಿದಾಗ ಆ ರಕ್ಷಣೆಯನ್ನು ಬಳಸಿಕೊಂಡಿತು. 2024ರಲ್ಲಿ ಅಬುಧಾಬಿಯ ಸಚಿವರ ಸಭೆಯೂ ಬಾಳಿಕೆಯ ಪರಿಹಾರ ಕೊಡದೆ ಮುಗಿಯಿತು.