ಬೆಳಗೊಳ–ಕುಶಾಲನಗರ ರೈಲುಮಾರ್ಗ: ಪಥನಿರ್ಣಯದ ವಿಮರ್ಶೆ

ಮೈಸೂರು ಜಿಲ್ಲೆಯ ಪಶ್ಚಿಮಭಾಗಕ್ಕೆ ಸೇರಿದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳೆಂಬ ನಾಲ್ಕು ಸೀಮೆಗಳ ಪೈಕಿ ಉಗಿಬಂಡಿಯ ಕಾಲದಿಂದ ಇಂದಿನವರೆಗೂ ರೈಲಿನ ಪ್ರಯೋಜನವನ್ನು ಕಂಡುದು ಕೃಷ್ಣರಾಜನಗರವೊಂದೇ. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದ ಆರಂಭದಲ್ಲಿ ಬೆಂಗಳೂರಿನಿಂದ ಮೈಸೂರನ್ನು ಮುಟ್ಟಿದ ಮೀಟರ್‌ಗೇಜ್ ಹಳಿಯು 1891ರಲ್ಲಿ ನಂಜನಗೂಡಿಗೂ 1926ರಲ್ಲಿ ಚಾಮರಾಜನಗರಕ್ಕೂ ದಕ್ಷಿಣಾಭಿಮುಖವಾಗಿ ಸಾಗಿತು. ಉತ್ತರಕ್ಕೆ ಹೊರಟ ಕವಲು ಬೆಳಗೊಳ, ಸಾಗರಕಟ್ಟೆ, ಕೃಷ್ಣರಾಜನಗರ, ಹೊಳೆನರಸೀಪುರಗಳನ್ನು ಹಾದು ಹಾಸನ, ಅರಸೀಕೆರೆಗಳನ್ನು ಸೇರಿತು. ಪಶ್ಚಿಮದಿಕ್ಕಿಗೆ ಮಾತ್ರ, ತಲಚೇರಿಯವರೆಗೂ ಹಳಿ ಹಾಯಿಸಬೇಕೆಂಬ ಆಲೋಚನೆಯು ಬ್ರಿಟಿಷರ ಕಾಲದಿಂದಲೂ ಇದ್ದಾಗ್ಯೂ, ಒಂದು ಮೈಲಿಯಷ್ಟು ದಾರಿಯೂ ಆಗಲಿಲ್ಲ.

ಈ ಕೊರತೆಯನ್ನು ನೀಗಿಸುವುದಕ್ಕೆಂದು ಮುಂದಿಟ್ಟಿರುವ ಯೋಜನೆಯೇ ಬೆಳಗೊಳದಿಂದ ಹೊರಟು ಹುಣಸೂರು, ಪಿರಿಯಾಪಟ್ಟಣಗಳ ಮೂಲಕ ಕೊಡಗಿನ ಕುಶಾಲನಗರವನ್ನು ಸೇರುವ, ಸುಮಾರು 87 ಕಿಲೋಮೀಟರು ಉದ್ದದ ಮಾರ್ಗ. 2019ರ ಸುಮಾರಿನಲ್ಲಿ ಇದರ ಅಂದಾಜು ವೆಚ್ಚವು 1,850 ಕೋಟಿ ರೂಪಾಯಿಗಳನ್ನು ಮೀರಿತ್ತು. ಇದರ ವಿಷಯವಾಗಿ ನಡೆದಿರುವ ಚರ್ಚೆಯಲ್ಲಿ ಹಳಿಯ ಎರಡು ಕೊನೆಗಳನ್ನು ಕುರಿತ ಮಾತೇ ಅಧಿಕವಾಗಿದ್ದು, ನಡುವಣ ನೆಲವನ್ನು ಕುರಿತ ವಿಚಾರವು ತೀರ ಅಲ್ಪವಾಗಿದೆಯೆಂಬುದೂ, ಮಾರ್ಗದ ಸಾಫಲ್ಯ ವೈಫಲ್ಯಗಳು ಈ ನಡುವಣ ನೆಲದಲ್ಲಿಯೇ ನಿರ್ಣಯವಾಗತಕ್ಕವೆಂಬುದೂ ಪ್ರಸ್ತುತ ಲೇಖನದ ಪ್ರತಿಪಾದ್ಯ.

ಕೊಡಗಿನವರ ಆಕ್ಷೇಪವನ್ನು ಮೊದಲು ಪರಿಶೀಲಿಸುವುದು ಯುಕ್ತ. ಕುಶಾಲನಗರಕ್ಕೆ ಬಂದ ಹಳಿಯು ಅಲ್ಲಿಯೇ ನಿಲ್ಲದೆ, ಕಾಲಕ್ರಮದಲ್ಲಿ ಕಾಡನ್ನು ಕಡಿದು ಕೇರಳದತ್ತ ಇಳಿಯುವುದೆಂಬುದೇ ಅವರ ಭೀತಿಯ ಸಾರ. ಇದನ್ನು ನಿರಾಧಾರವೆನ್ನಲಾಗದು. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದಮೇಲೆ ಅಲ್ಲಿಂದ ಬೇಲೂರು, ಹಾಸನಗಳಿಗೆ ಹಳಿಯನ್ನು ಮುಂದುವರಿಸುವ ಕೆಲಸಕ್ಕೆ ಚಾಲನೆ ದೊರೆತುದನ್ನು ನೋಡಿದರೆ, ಕೊನೆಯ ನಿಲ್ದಾಣವು ಸದಾ ಕೊನೆಯದಾಗಿಯೇ ಉಳಿಯುವುದಿಲ್ಲವೆಂದು ತಿಳಿಯುವುದು. ಆದರೆ ಚಾಮರಾಜನಗರದ ಉದಾಹರಣೆಯು ಇದಕ್ಕೆ ವಿರುದ್ಧವಾದುದು: ಅಲ್ಲಿಂದ ಮೆಟ್ಟುಪಾಳ್ಯದವರೆಗೆ ಹಳಿ ಎಳೆಯಬೇಕೆಂಬ ಬೇಡಿಕೆಯು ದಶಕಗಳಿಂದ ಇದ್ದರೂ ಸತ್ಯಮಂಗಲದ ಅರಣ್ಯವು ಅಡ್ಡವಾಗಿರುವುದರಿಂದ 1926ರ ಕೊನೆಯೇ ಇಂದಿಗೂ ಕೊನೆಯಾಗಿದೆ. ಕಬಿನಿಯ ಆಸುಪಾಸಿನ ಕಾಡಿನಡಿ ಸುರಂಗ ಕೊರೆದು ಮೈಸೂರು–ತಲಚೇರಿ ಮಾರ್ಗವನ್ನು ಸಾಧಿಸಬಹುದೆಂಬ ಸಲಹೆ ಬಂದಾಗಲೂ ಕರ್ನಾಟಕ ಸರ್ಕಾರವು ಅದಕ್ಕೆ ಸಮ್ಮತಿಸಲಿಲ್ಲ. ಆದಕಾರಣ ಹಳಿಯನ್ನು ತಡೆಯತಕ್ಕ ಸ್ಥಳವು ಅರಣ್ಯದ ಅಂಚೇ ಹೊರತು ಹುಣಸೂರಿನ ಬಯಲಲ್ಲವೆಂದು ನಮ್ಮ ಅಭಿಪ್ರಾಯ.

ಎರಡನೆಯ ಪ್ರಶ್ನೆಯು ಕವಲೊಡೆಯುವ ಸ್ಥಳವನ್ನು ಕುರಿತದ್ದು. ಈಗಾಗಲೇ ಹಳಿಯುಳ್ಳ ಕೃಷ್ಣರಾಜನಗರದಿಂದಲೇ ಹುಣಸೂರಿಗೆ ಕವಲು ತೆಗೆದರೆ ಹೊಸದಾಗಿ ಹಾಸಬೇಕಾದ ಹಳಿಯ ಉದ್ದ ಕುಗ್ಗುವುದಷ್ಟೇ ಅಲ್ಲದೆ, ಹಾಸನದ ಕಡೆಯ ಸರಕು ಮೈಸೂರನ್ನು ಸುತ್ತದೆ ಬರಬಹುದು. ನಕ್ಷೆಯ ಮೇಲೆ ಈ ಪಥವು ಮನೋಹರವಾಗಿಯೇ ಕಾಣುವುದು. ಆದರೆ ಹೆದ್ದಾರಿಯಲ್ಲಿ ಸುಮಾರು 45 ಕಿಲೋಮೀಟರು ಕ್ರಮಿಸಿ ಬೆಳಗ್ಗೆ ಮೈಸೂರಿಗೆ ಹೋಗಿ ಸಂಜೆ ಮರಳುವ ಹುಣಸೂರಿನ ವಿದ್ಯಾರ್ಥಿಗಾಗಲಿ ಆಸ್ಪತ್ರೆಗೆ ಹೊರಟ ರೋಗಿಗಾಗಲಿ ತ್ರಿಕೋನದ ಎರಡು ಭುಜಗಳನ್ನು ಸುತ್ತುವ ರೈಲು ಬಸ್ಸಿನೆದುರು ನಿಲ್ಲಲಾರದು. ಬೆಳಗೊಳದ ಕವಲೇ ಮೇಲು.

ಇನ್ನು ವಿನ್ಯಾಸದ ವಿಷಯ. ಬೆಂಗಳೂರಿನ ‘ನಮ್ಮ ಮೆಟ್ರೊ’ ನಿರ್ಮಾಣಕಾಲದಲ್ಲಿ, ಚಿನ್ಮಯ ಮಿಷನ್ ಆಸ್ಪತ್ರೆ ರಸ್ತೆಯ ವರ್ತಕರು ಮಾರ್ಗವನ್ನು ಹಳೆ ಮದರಾಸು ರಸ್ತೆಗೆ ತಿರುಗಿಸಬೇಕೆಂದು ವಾದಿಸಿದುದೂ, ಮಹಾತ್ಮಾ ಗಾಂಧಿ ರಸ್ತೆಯ ಮೇಲೆ ಕಂಬಗಳನ್ನೆತ್ತಿ ಹಳಿಯನ್ನು ಒಯ್ದು ವಿಧಾನಸೌಧದ ಪರಿಸರದಲ್ಲಿ ನೆಲದಡಿಗೆ ಇಳಿಸಿದುದೂ, ಜಯನಗರದ ಲಕ್ಷ್ಮಣರಾವ್ ಉದ್ಯಾನದ ಮರಗಳಿಗಾಗಿ 2009ರಲ್ಲಿ ನಾಗರಿಕರು ಬೀದಿಗಿಳಿದುದೂ ಸರ್ವವಿದಿತ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮೊದಲ ಗಾಡಿ ಹೊರಟಿತಾದರೂ, ಎತ್ತರಿಸಬೇಕೆ ಇಳಿಸಬೇಕೆ ಎಂಬ ಚರ್ಚೆಯು ಕಂಬಗಳು ಏಳತೊಡಗಿದ ಮೇಲೆ ಬಿರುಸಾಯಿತೆಂಬುದನ್ನು ಮರೆಯಲಾಗದು. ನಗರದಲ್ಲಿ ಅಂಗಡಿಯ ಮುಂಗಟ್ಟೂ ಮರದ ನೆರಳೂ ವಿವಾದದ ವಸ್ತುಗಳಾದರೆ, ನಮ್ಮ ಬಯಲುಸೀಮೆಯಲ್ಲಿ ವಿವಾದವಾಗಬೇಕಾದುದು, ಇನ್ನೂ ಆಗದಿರುವುದು, ಹಳಿಯ ಏರಿ ಮತ್ತು ಕೆಳಸೇತುವೆ.

ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಹುಣಸೂರು, ಪಿರಿಯಾಪಟ್ಟಣಗಳ ಕೆಂಪುಮಣ್ಣಿನಲ್ಲಿ ಮುಖ್ಯವಾಗಿ ಹಣ ತರುವ ಬೆಳೆ ಹೊಗೆಸೊಪ್ಪು. ಕಂಪಲಾಪುರ, ಚಿಲ್ಕುಂದ, ಕಟ್ಟೆಮಳಲವಾಡಿಗಳಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳುಂಟು. ಈ ಬೆಳೆಯನ್ನು ಭತ್ತದಂತೆ ಒಂದೇ ಸಲ ಕೊಯ್ದು ಮುಗಿಸುವಂತಿಲ್ಲ. ಗಿಡದ ಬುಡದಿಂದ ಮೇಲಕ್ಕೆ, ಎಲೆ ಮಾಗಿದಂತೆಲ್ಲ ನಾಲ್ಕೆಂಟು ಬಾರಿ ಮುರಿದು, ಮುರಿದ ಹಸಿಸೊಪ್ಪನ್ನು ತಡಮಾಡದೆ ಮನೆಯ ಬಳಿಯ ಬ್ಯಾರನ್ನಿಗೆ ಸಾಗಿಸಿ, ಕೋಲುಗಳಿಗೆ ಕಟ್ಟಿ, ಸೌದೆಯ ಕಾವಿನಲ್ಲಿ ಹದಮಾಡಬೇಕು. ಹೊಲವು ಹಳಿಯ ಆಚೆಗೂ ಬ್ಯಾರನ್ನು ಈಚೆಗೂ ಉಳಿದ ರೈತನು ಒಂದು ಹಂಗಾಮಿನಲ್ಲಿ ಎಷ್ಟು ಸಲ ಹಳಿಯನ್ನು ದಾಟಬೇಕಾದೀತೆಂಬುದನ್ನು ಊಹಿಸಬಹುದು. ಮೇಲಾಗಿ, ಸೊಪ್ಪು ಮುರಿಯುವ ಕಾಲವೂ ಮುಂಗಾರಿನ ಕಾಲವೂ ಒಂದೇ. ಕಾವಲಿಲ್ಲದ ಗೇಟುಗಳು ಬ್ರಾಡ್‌ಗೇಜ್ ಹಳಿಗಳಿಂದ ತೊಲಗಿರುವ ಈ ದಿನಗಳಲ್ಲಿ ದಾಟುವ ಹಾದಿಯೆಂದರೆ ಬಹುತೇಕ ಏರಿಯಡಿಯ ಕಾಂಕ್ರೀಟು ಪೆಟ್ಟಿಗೆಯೇ. ಅದರೊಳಗೆ ಮಳೆನೀರು ಮೊಣಕಾಲುದ್ದ ನಿಂತು ಊರಿಗೆ ಊರೇ ಸುತ್ತಿ ಬಳಸುವ ದೃಶ್ಯವು ಕನ್ನಡನಾಡಿನ ಯಾವ ಜಿಲ್ಲೆಗೂ ಅಪರಿಚಿತವಲ್ಲ. ರಾಗಿಹುಲ್ಲನ್ನು ಒಟ್ಟಿದ ಟ್ರ್ಯಾಕ್ಟರು ತಲೆ ತಾಗದೆ ನುಸುಳುವಷ್ಟು ಎತ್ತರವೂ, ನೀರು ತಾನಾಗಿ ಹರಿದುಹೋಗುವಷ್ಟು ಇಳಿಜಾರೂ ಇವೆಯೆ ಎಂಬ ಪ್ರಶ್ನೆಯನ್ನು ಅಂತಿಮ ಮೋಜಣಿಯ ಕಾಲದಲ್ಲಿ ಕೇಳದೆ, ಏರಿ ಎದ್ದಮೇಲೆ ಕೇಳಿ ಫಲವಿಲ್ಲ.

ಇದರೊಡನೆ ಮತ್ತೊಂದು ಸಂಗತಿಯನ್ನು ಕೂಡಿಸಿ ನೋಡಬೇಕು. ಶ್ರೀರಂಗಪಟ್ಟಣದ ಕಡೆಯಿಂದ ಕುಶಾಲನಗರದತ್ತ ಸಾಗುವ, ಸುಮಾರು 92 ಕಿಲೋಮೀಟರಿನ ಚತುಷ್ಪಥ ಹೆದ್ದಾರಿಗೆ 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಶಂಕುಸ್ಥಾಪನೆ ಮಾಡಿದರು. ಒಂದೇ ಸೀಮೆಯನ್ನು ಹೆಚ್ಚುಕಡಿಮೆ ಸಮಾನಾಂತರವಾಗಿ ಸೀಳುವ ಎರಡು ದಾರಿಗಳಿಗೆ ಎರಡು ಇಲಾಖೆಗಳು ಎರಡು ಬಾರಿ ಭೂಮಿಯನ್ನು ವಶಪಡಿಸಿಕೊಂಡರೆ, ನಡುವೆ ಸಿಕ್ಕಿದ ಹೊಲಗಳು ಉಳುವುದಕ್ಕೂ ಮಾರುವುದಕ್ಕೂ ಬಾರದ ತುಂಡುಗಳಾಗುವುವು. ಹಳಿಯನ್ನು ಹೆದ್ದಾರಿಯ ಮಗ್ಗುಲಿಗೇ ಒತ್ತಿಟ್ಟು, ಎರಡಕ್ಕೂ ಒಂದೇ ದಾಟುದಾರಿಯನ್ನು ರಚಿಸುವುದು ಅಸಾಧ್ಯವೇನಲ್ಲ. ಇಲಾಖೆಗಳು ಒಂದೇ ಮೇಜಿನ ಸುತ್ತ ಕೂರುವುದು ಮಾತ್ರ ಹಳಿ ಹಾಸುವುದಕ್ಕಿಂತ ಕಷ್ಟವೆಂದು ಬಲ್ಲವರು ಹೇಳುವರು.

ಆದರೆ ಹೆದ್ದಾರಿಯ ಸಾಮೀಪ್ಯಕ್ಕಾಗಿ ನಿಲ್ದಾಣಗಳನ್ನೂ ಊರಿಂದ ದೂರ ಇಡತಕ್ಕದ್ದಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಯಂಥ ಗ್ರಾಮಾಂತರದವರು ಮೊದಲು ಬಸ್ಸು ಹಿಡಿದು, ಅಲ್ಲಿಂದ ಆಟೋ ಹಿಡಿದು, ಬಳಿಕ ರೈಲು ಹತ್ತಬೇಕಾದರೆ, ಮೂರನೆಯದನ್ನು ಕೈಬಿಟ್ಟು ಮೊದಲನೆಯದರಲ್ಲಿಯೇ ಮೈಸೂರಿನವರೆಗೆ ಮುಂದುವರಿಯುವುದು ಸಹಜ. ತಾಲ್ಲೂಕು ಕೇಂದ್ರದ ಬಸ್‌ನಿಲ್ದಾಣಕ್ಕೂ ರೈಲುನಿಲ್ದಾಣಕ್ಕೂ ನಡಿಗೆಯ ದೂರವಷ್ಟೇ ಇರಬೇಕೆಂಬುದನ್ನು ನಿಯಮವಾಗಿ ಅಂಗೀಕರಿಸಿ, ಊರನ್ನು ಸಮೀಪಿಸುವ ಕೆಲವು ಕಿಲೋಮೀಟರುಗಳಲ್ಲಿ ಹಳಿಯು ಹೆದ್ದಾರಿಯನ್ನು ಬಿಟ್ಟು ಬಾಗುವುದರಿಂದ ತಗಲುವ ಅಧಿಕ ವೆಚ್ಚವನ್ನು ಸಹಿಸಿಕೊಳ್ಳಬೇಕು.

ಕಡೆಯ ನಿಲ್ದಾಣವನ್ನು ಕುರಿತು ಹೇಳುವುದಾದರೆ, ಅದು ಕಾವೇರಿಯ ಈಚೆಯ ದಡದಲ್ಲಿ, ಮೈಸೂರು ಜಿಲ್ಲೆಯ ಕೊಪ್ಪದ ಬಳಿಯೇ ನಿಲ್ಲುವುದು ಉಚಿತ. ಅಲ್ಲಿಂದ ಸೇತುವೆ ದಾಟಿದರೆ ಕುಶಾಲನಗರ; ಹಿಂಬದಿಯಲ್ಲಿ, ಅರುವತ್ತರ ದಶಕದಿಂದ ಟಿಬೆಟಿನ ನಿರಾಶ್ರಿತರು ನೆಲೆಸಿರುವ ಬೈಲಕುಪ್ಪೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ಕಾವೇರಿ ನುಗ್ಗಿದುದನ್ನು ಕಂಡವರು, ಆ ನೆರೆಬಯಲಿನಲ್ಲಿ ನೀರಿಗೆ ಅಡ್ಡವಾಗಿ ರೈಲಿನ ಏರಿಯೊಂದನ್ನು ಕಟ್ಟಬೇಕೆಂದು ಹೇಳಲಾರರು. ಕೊಡಗಿನವರ ಆಕ್ಷೇಪದಲ್ಲಿ ನ್ಯಾಯವಾದ ಅಂಶಕ್ಕೂ ಇದರಿಂದ ಮನ್ನಣೆ ದೊರೆಯುವುದು. ಹುಣಸೂರು, ಪಿರಿಯಾಪಟ್ಟಣದವರಿಗೆ ಇದರಿಂದ ಕಳೆದುಹೋಗುವುದು ಏನೂ ಇಲ್ಲ.