ಕೃತಕ ಬುದ್ಧಿಮತ್ತೆ ಮತ್ತು ಸ್ಥಳೀಯ ನೇತೃತ್ವದ ಅಭಿವೃದ್ಧಿ

ಬೆಳೆಯುತ್ತಿರುವ ಆರ್ಥಿಕತೆಯ ದೇಶಗಳಲ್ಲಿ ಕೃಷಿ, ಆರೋಗ್ಯ, ಭಾಷೆ, ಸಾಮಾಜಿಕ ಭದ್ರತೆ ಮುಂತಾದ ಕ್ಷೇತ್ರಗಳ ತೊಡಕುಗಳನ್ನು ಅಲ್ಲಿನ ಜನರೂ ಸಂಸ್ಥೆಗಳೂ ತಾವೇ ಮುಂದೆ ನಿಂತು ಕೃತಕ ಬುದ್ಧಿಮತ್ತೆಯ ನೆರವಿನಿಂದ ಬಿಡಿಸಿಕೊಳ್ಳಲು ನಡೆಸಿರುವ ಪ್ರಯತ್ನಗಳ ಚರಿತ್ರೆ ಇದು. ತಂತ್ರಜ್ಞಾನವಾಗಿ ಇದರ ವಯಸ್ಸು ಹೆಚ್ಚೆಂದರೆ ಒಂದೂವರೆ ದಶಕ. ವಿಚಾರವಾಗಿ ಅರ್ಧ ಶತಮಾನ. ಯಾವ ಸಮಸ್ಯೆಯನ್ನು ಯಂತ್ರಕ್ಕೆ ಒಪ್ಪಿಸಬೇಕು, ಕಲೆಹಾಕಿದ ಮಾಹಿತಿ ಯಾರ ಸುಪರ್ದಿನಲ್ಲಿರಬೇಕು, ಲೆಕ್ಕ ತಪ್ಪಿದಾಗ ಯಾರು ತಿದ್ದಬೇಕು ಎಂಬ ಮೂರು ತೀರ್ಮಾನಗಳನ್ನು ಸ್ಥಳೀಯರು ತಮ್ಮ ಕೈಯಲ್ಲೇ ಇಟ್ಟುಕೊಂಡ ಕಡೆಗಳಲ್ಲಿ ಕೆಲಸ ಗಟ್ಟಿಯಾಗಿರುವುದು ಈ ಅವಧಿಯುದ್ದಕ್ಕೂ ಕಾಣುತ್ತದೆ.

ವಿಚಾರದ ಬೇರು 1970ರ ದಶಕದಲ್ಲಿದೆ. ದೊಡ್ಡ ಯಂತ್ರಗಳನ್ನು ಬಡ ದೇಶಗಳಿಗೆ ಹಾಗೆಯೇ ತಂದು ನಿಲ್ಲಿಸುವುದನ್ನು ಅರ್ಥಶಾಸ್ತ್ರಜ್ಞ ಇ. ಎಫ್. ಶೂಮಾಕರ್ 1973ರಲ್ಲಿ ಪ್ರಶ್ನಿಸಿದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಕೇಂದ್ರದ ವಿಜ್ಞಾನಿಗಳು ಅಡುಗೆಗೆಂದು ಸಾಮೂಹಿಕ ಗೋಬರ್ ಗ್ಯಾಸ್ ಘಟಕ ಕಟ್ಟಿದರು. ಊರಿನ ಸಗಣಿಯಿಂದ ಎಲ್ಲ ಒಲೆಗಳಿಗೆ ಸಾಕಾಗುವಷ್ಟು ಅನಿಲ ಹುಟ್ಟಲಿಲ್ಲ, ಯೋಜನೆ ಬಿತ್ತು. ಜನರನ್ನು ಕೂರಿಸಿಕೊಂಡು ಮಾತನಾಡಿದಾಗ ಅವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು ಎಂದು ತಿಳಿಯಿತು. 1980ರ ದಶಕದ ಕೊನೆಗೆ ಅದೇ ಅನಿಲದಿಂದ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರೆತ್ತಿ, ಮನೆಗಳಿಗೆ ದೀಪ ಕೊಡುವ ವ್ಯವಸ್ಥೆ ಬಂತು. ಸಗಣಿ ತಂದವರಿಗೆ ಹಣ ಸಂದಾಯವಾಗುತ್ತಿತ್ತು, ಬಗ್ಗಡ ಹೊಲಕ್ಕೆ ಮರಳುತ್ತಿತ್ತು. ಕೃತಕ ಬುದ್ಧಿಮತ್ತೆಗೂ ಇದಕ್ಕೂ ನೇರ ನಂಟಿಲ್ಲ. ಆದರೂ ಮುಂದಿನ ನಾಲ್ಕು ದಶಕಗಳಲ್ಲಿ ಕಂಪ್ಯೂಟರು, ಮೊಬೈಲು ಹಿಡಿದು ಹಳ್ಳಿಗೆ ಹೋದವರೆಲ್ಲ ಎದುರಿಸಿದ್ದು, ಜನರಿಗೆ ಮೊದಲು ಬೇಕಾದುದೇನು ಎಂದು ಪುರ ಎತ್ತಿದ ಪ್ರಶ್ನೆಯನ್ನೇ.

2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ರಿಕಿನ್ ಗಾಂಧಿ ಶುರು ಮಾಡಿದ ‘ಡಿಜಿಟಲ್ ಗ್ರೀನ್’ ಈ ದಾರಿಯಲ್ಲಿ ದೊಡ್ಡ ಹೆಜ್ಜೆ. ಕೃಷಿ ಇಲಾಖೆಯವರ ಭಾಷಣಕ್ಕೆ ಬದಲಾಗಿ ಸುತ್ತಲಿನ ಊರಿನ ರೈತರೇ ತಮ್ಮ ಹೊಲದಲ್ಲಿ ನಿಂತು ಮಾಡಿ ತೋರಿಸಿದ್ದನ್ನು ಚಿತ್ರೀಕರಿಸಿ, ಸಂಜೆ ಹತ್ತಾರು ಜನರನ್ನು ಸೇರಿಸಿ ತೋರಿಸುವುದು ಇದರ ಕ್ರಮ. ನೋಡುಗರು ಮೊದಲು ಕೇಳುತ್ತಿದ್ದುದು ಬೆಳೆಯ ಬಗ್ಗೆ ಅಲ್ಲ, ತೆರೆಯ ಮೇಲಿದ್ದವರ ಹೆಸರೇನು, ಯಾವ ಊರು ಎಂದು. ಕರ್ನಾಟಕದ 16 ಹಳ್ಳಿಗಳಲ್ಲಿ ನಡೆದ ಪ್ರಯೋಗದಲ್ಲಿ ಹಳೆಯ ವಿಸ್ತರಣಾ ಪದ್ಧತಿಗಿಂತ 7 ಪಟ್ಟು ಹೆಚ್ಚು ಮಂದಿ ಹೊಸ ಬೇಸಾಯ ಕ್ರಮಗಳನ್ನು ಕೈಗೆತ್ತಿಕೊಂಡರು. ಖರ್ಚಿನ ಲೆಕ್ಕದಲ್ಲಿ ಅದು 10 ಪಟ್ಟು ಪರಿಣಾಮಕಾರಿಯಾಗಿತ್ತು. ಇದೇ ಸಂಸ್ಥೆ 2023ರಲ್ಲಿ ‘ಫಾರ್ಮರ್ ಚಾಟ್’ ಎಂಬ ಸಂವಾದ ಸಹಾಯಕವನ್ನು ಭಾರತ, ಕೀನ್ಯಾ, ಇಥಿಯೋಪಿಯಾಗಳ ರೈತರಿಗಾಗಿ ಹೊರತಂದಾಗ, ವರ್ಷಗಟ್ಟಲೆ ಕೂಡಿಟ್ಟ ಸ್ಥಳೀಯ ವಿಡಿಯೊಗಳ ಜ್ಞಾನ ಅದರ ಬೆನ್ನಿಗಿತ್ತು.

ಆಫ್ರಿಕಾದಲ್ಲಿ ಇಂಥ ಕೆಲಸದ ಮೊದಲ ನೆಲೆಗಳಲ್ಲಿ ಉಗಾಂಡದ ಕಂಪಾಲಾದ ಮಕೆರೆರೆ ವಿಶ್ವವಿದ್ಯಾಲಯ ಮುಖ್ಯವಾದುದು. ಅರ್ನೆಸ್ಟ್ ಮ್ವೆಬಾಝೆ ಮತ್ತು ಜಾನ್ ಕ್ವಿನ್ ಅಲ್ಲಿ ಮೊಬೈಲ್ ಕ್ಯಾಮೆರಾದಿಂದ ಮರಗೆಣಸಿನ ರೋಗ ಪತ್ತೆ ಮಾಡುವ ಕೆಲಸಕ್ಕೆ ಕೈಹಾಕಿದರು. ವಿಶ್ವಸಂಸ್ಥೆಯ ಕಂಪಾಲಾ ಪ್ರಯೋಗಾಲಯವು ಇದೇ ವಿಶ್ವವಿದ್ಯಾಲಯ ಹಾಗೂ ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಶ್ ವಿಶ್ವವಿದ್ಯಾಲಯದ ಜೊತೆ ಸೇರಿ ರೇಡಿಯೊ ಫೋನ್-ಇನ್ ಕಾರ್ಯಕ್ರಮಗಳನ್ನು ಆಲಿಸುವ ವ್ಯವಸ್ಥೆಯನ್ನು ರೂಪಿಸಿತು. ಲುಗಾಂಡ, ಅಚೋಲಿ ಮತ್ತು ಉಗಾಂಡದ ಇಂಗ್ಲಿಷಿನಲ್ಲಿ ಜನ ಹೇಳಿಕೊಳ್ಳುವ ಕಷ್ಟಗಳಿಂದ ರೋಗ, ನೆರೆ, ಔಷಧದ ಕೊರತೆಯ ಸುಳಿವುಗಳನ್ನು ಯಂತ್ರ ಹೆಕ್ಕುತ್ತಿತ್ತು. ಜನರ ದೂರು ಅರ್ಜಿಯಾಗಿ ಕಚೇರಿ ತಲುಪದ ನಾಡಿನಲ್ಲಿ ರೇಡಿಯೊವನ್ನೇ ಅರ್ಜಿಯಂತೆ ಓದಿದ್ದು ನಿಜಕ್ಕೂ ಸೂಕ್ಷ್ಮ ಕಣ್ಣಿನ ಕೆಲಸ.

ಅದೇ ಆವರಣದಲ್ಲಿ 2015ರಲ್ಲಿ ಎಂಜಿನಿಯರ್ ಬೈನೊಮುಗಿಶಾ (ಎಂಜಿನಿಯರ್ ಎಂಬುದು ಅವರ ಹೆಸರೇ) ‘ಏರ್‌ಕ್ಯೂ’ ಯೋಜನೆ ಆರಂಭಿಸಿದರು. ಗಾಳಿಯ ಮಾಲಿನ್ಯ ಅಳೆಯುವ ಆಮದು ಉಪಕರಣಗಳ ಬೆಲೆ ಹತ್ತಾರು ಸಾವಿರ ಡಾಲರ್. ಏರ್‌ಕ್ಯೂ ತಂಡ ಧೂಳು, ಬಿಸಿಲು, ಆಗಾಗ ಕೈಕೊಡುವ ಕರೆಂಟು ಎಲ್ಲವನ್ನೂ ತಾಳಿಕೊಳ್ಳುವ ಅಗ್ಗದ ಪೆಟ್ಟಿಗೆಗಳನ್ನು ಅಲ್ಲೇ ತಯಾರಿಸಿ, ಕಟ್ಟಡಗಳ ಮೇಲೂ ಬಾಡಿಗೆ ಬೈಕುಗಳಾದ ಬೊಡಾ ಬೊಡಾಗಳ ಮೇಲೂ ಕೂರಿಸಿತು. ಅಗ್ಗದ ಸಂವೇದಕದ ಅಳತೆ ತೇವ, ಉಷ್ಣತೆಗೆ ತಕ್ಕಂತೆ ಏರುಪೇರಾಗುತ್ತದೆ. ಅದನ್ನು ನಿಖರ ಉಪಕರಣದ ಅಳತೆಯೊಂದಿಗೆ ಹೋಲಿಸಿ ಸರಿಪಡಿಸುವುದು ಕಲಿಯುವ ಯಂತ್ರದ ಪಾಲಿನ ಕೆಲಸ. 2019ರಲ್ಲಿ ಗೂಗಲ್‌ನ ದತ್ತಿ ಸಂಸ್ಥೆಯಿಂದ 13 ಲಕ್ಷ ಡಾಲರ್ ಅನುದಾನ ಬಂದ ಮೇಲೆ ಈ ಜಾಲ ಆಫ್ರಿಕಾದ ಇತರ ನಗರಗಳಿಗೂ ಹರಡಿತು.

ಮರಗೆಣಸಿನ ಕಥೆ ತಾಂಜಾನಿಯಾದಲ್ಲಿ ಮುಂದುವರಿಯಿತು. ಈ ಬೆಳೆಗೆ ಬಿಳಿನೊಣದಿಂದ ಹರಡುವ ಎರಡು ಪಿಡುಗುಗಳಿವೆ: ಎಲೆ ಮುರುಟಿಸುವ ಮೊಸಾಯಿಕ್ ರೋಗ ಮತ್ತು ಕಂದುಗೆರೆ ರೋಗ. ಎರಡನೆಯದು ಮೋಸದ ರೋಗ. ಗಿಡ ಮೇಲೆ ಹಸಿರಾಗಿ ನಿಂತಿದ್ದರೂ ಕೆಳಗೆ ಗೆಣಸು ಕೊಳೆತಿರಬಹುದು, ಅಗೆದಾಗಲೇ ಗೊತ್ತಾಗುವುದು. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಹ್ಯೂಸ್ ಅವರ ತಂಡ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯ ಜೊತೆ ತಯಾರಿಸಿದ ‘ನುರು’ ಆ್ಯಪ್ ಇಂಟರ್‌ನೆಟ್ ಇಲ್ಲದೆಯೂ ಎಲೆ ನೋಡಿ ರೋಗ ಹೇಳುತ್ತದೆ. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರ ನಿಖರತೆ 65%, ವಿಸ್ತರಣಾ ಕಾರ್ಯಕರ್ತರದು 40–58%, ರೈತರದು 18–31% ಎಂದು ದಾಖಲಾಯಿತು. ಒಂದೇ ಎಲೆಯ ಬದಲು ಗಿಡದ 6 ಎಲೆಗಳನ್ನು ತೋರಿಸಿದಾಗ ನಿಖರತೆ 74–88%ಕ್ಕೆ ಏರಿತು. ಅಧ್ಯಯನದ ಅತಿ ಉಪಯುಕ್ತ ಭಾಗ ಈ ಕೊನೆಯ ಅಂಶವೇ. ಯಂತ್ರದಿಂದ ಸರಿಯುತ್ತರ ಬರುವುದು ಗಿಡದ ಸುತ್ತ ತಿರುಗಿ ಆರು ಎಲೆ ಹಿಡಿಯುವವರ ಕೈಯನ್ನೂ ಅವಲಂಬಿಸಿದೆ. ಹೀಗಿದ್ದರೂ ನುರು ಹುಟ್ಟಿದ್ದು ಅಮೆರಿಕದ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಎಂಬುದನ್ನು ಮರೆಯುವಂತಿಲ್ಲ. ಸ್ಥಳೀಯ ಸಹಭಾಗಿತ್ವವೂ ಸ್ಥಳೀಯ ನೇತೃತ್ವವೂ ಒಂದೇ ಅಲ್ಲ.

ಆ ವ್ಯತ್ಯಾಸವನ್ನು ಖಂಡದ ಮಟ್ಟದಲ್ಲಿ ಎತ್ತಿ ಹಿಡಿದವರು ಭಾಷಾ ಸಂಶೋಧಕರು. 2017ರಲ್ಲಿ ಜೊಹಾನೆಸ್‌ಬರ್ಗ್‌ನ ವಿಟ್ಸ್ ವಿಶ್ವವಿದ್ಯಾಲಯದಲ್ಲಿ ‘ಡೀಪ್ ಲರ್ನಿಂಗ್ ಇಂದಾಬಾ’ ಎಂಬ ಸಮಾವೇಶ ಮೊದಲ ಬಾರಿಗೆ ಸೇರಿತು. ಈ ವಲಯದಿಂದಲೇ 2019ರಲ್ಲಿ ‘ಮಸಾಖಾನೆ’ ಬಳಗ ಹುಟ್ಟಿತು. ಜೇಡ್ ಅಬಟ್ ಮತ್ತು ಲಾರಾ ಮಾರ್ಟಿನಸ್ ಇದನ್ನು ಕಟ್ಟಿದ ಇಬ್ಬರು. ಪದವಿ, ಪ್ರಯೋಗಾಲಯ, ದೊಡ್ಡ ಕಂಪ್ಯೂಟರು ಯಾವುದನ್ನೂ ಅವರು ಸೇರುವವರಿಂದ ಕೇಳಲಿಲ್ಲ. ಉಚಿತವಾಗಿ ಸಿಗುವ ಆನ್‌ಲೈನ್ ಯಂತ್ರದಲ್ಲಿ ಓಡುವ ಸಿದ್ಧ ಪಾಠವೊಂದನ್ನು ಕೊಟ್ಟು, ನಿಮ್ಮ ಭಾಷೆಗೆ ಅನುವಾದ ಮಾದರಿ ಕಟ್ಟಿ ಎಂದರು. ಅನುವಾದಕರು, ಭಾಷಾ ಬಲ್ಲವರು, ವಿದ್ಯಾರ್ಥಿಗಳು ಬಂದರು. 2020ರ ಹೊತ್ತಿಗೆ 30ಕ್ಕೂ ಹೆಚ್ಚು ಭಾಷೆಗಳಿಗೆ ಮೊದಲ ಫಲಿತಾಂಶ ಸಿಕ್ಕಿತ್ತು. ಅಂತರ್ಜಾಲದಲ್ಲಿ ಈ ಭಾಷೆಗಳಲ್ಲಿ ಸಿಗುತ್ತಿದ್ದ ಪಠ್ಯವೆಂದರೆ ಬಹುಪಾಲು ಧಾರ್ಮಿಕ ಪತ್ರಿಕೆಗಳ ಅನುವಾದ. ಯಂತ್ರ ಕಲಿತ ಮಾತೂ ಅದೇ ಧಾಟಿಯದಾಗುವ ಅಪಾಯವಿತ್ತು. ಹಾಗಾಗಿ ಬಳಗ ತನ್ನದೇ ಮಾಹಿತಿ ಸಂಗ್ರಹಕ್ಕೆ ಇಳಿಯಿತು. ವ್ಯಕ್ತಿ, ಊರು, ಸಂಸ್ಥೆಗಳ ಹೆಸರನ್ನು ಸುದ್ದಿ ಬರಹಗಳಲ್ಲಿ ಗುರುತಿಸುವ ‘ಮಸಾಖಾನರ್’ 2021ರಲ್ಲಿ 10 ಭಾಷೆಗಳಲ್ಲಿ ಬಂತು, ಗುರುತು ಹಾಕಿದವರು ಆ ಭಾಷೆಗಳನ್ನು ಆಡುವವರೇ. ಬಳಗದ ಪ್ರಬಂಧಕ್ಕೆ ಅದೇ ವರ್ಷ ವಿಕಿಮೀಡಿಯ ಪ್ರತಿಷ್ಠಾನದ ಸಂಶೋಧನಾ ಪ್ರಶಸ್ತಿ ಸಂದಿತು.

ರುವಾಂಡದಲ್ಲಿ ಇದೇ ಕೆಲಸ ಧ್ವನಿಯ ರೂಪ ತಾಳಿತು. ತಿಂಗಳ ಕೊನೆಯ ಶನಿವಾರ ಊರಿಗೆ ಊರೇ ಸೇರಿ ರಸ್ತೆ, ಚರಂಡಿ ಕೆಲಸ ಮಾಡುವ ‘ಉಮುಗಾಂಡ’ ಪದ್ಧತಿಯ ಹೆಸರಿಟ್ಟುಕೊಂಡ ‘ಡಿಜಿಟಲ್ ಉಮುಗಾಂಡ’ ಎಂಬ ನವೋದ್ಯಮ 2019ರಿಂದ ಮೊಜಿಲ್ಲಾದ ಧ್ವನಿಸಂಗ್ರಹಕ್ಕೆ ಕಿನ್ಯಾರುವಾಂಡ ಮಾತನ್ನು ಸೇರಿಸತೊಡಗಿತು. ಸ್ವಯಂಸೇವಕರು ವಾಕ್ಯ ಓದುವರು, ಇನ್ನೊಬ್ಬರು ಕೇಳಿ ಒಪ್ಪುವರು. ಒಟ್ಟು 2,000 ಗಂಟೆಗೂ ಮಿಕ್ಕ ಮಾತು ಸೇರಿತು. ಕೋವಿಡ್ ಕಾಲದಲ್ಲಿ ಬಂದ ‘ಎಂಬಾಜಾ’ ಎಂಬ ಮಾಹಿತಿ ಸಹಾಯಕಕ್ಕೆ ಈ ಸಂಗ್ರಹ ತಳಹದಿಯಾಯಿತು.

ಸರ್ಕಾರವೇ ಕೃತಕ ಬುದ್ಧಿಮತ್ತೆಯನ್ನು ಕೈಗೆತ್ತಿಕೊಂಡ ಉದಾಹರಣೆಗಳಲ್ಲಿ ಟೋಗೋದ ‘ನೊವಿಸ್ಸಿ’ ಹೆಸರಾಯಿತು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ಮೊಬೈಲ್ ಮೂಲಕ ಬಡವರಿಗೆ ನೇರ ಹಣ ಕಳಿಸುವ ಈ ಯೋಜನೆಯನ್ನು ಸಚಿವೆ ಸಿನಾ ಲಾಸನ್ ಮುನ್ನಡೆಸಿದರು. ಹಳ್ಳಿಗಾಡಿಗೆ ವಿಸ್ತರಿಸುವಾಗ ಯಾರು ಬಡವರೆಂಬ ಪಟ್ಟಿಯೇ ಇರಲಿಲ್ಲ. ಉಪಗ್ರಹ ಚಿತ್ರಗಳಿಂದ ಅತಿ ಬಡ 100 ಪ್ರದೇಶಗಳನ್ನು ಆರಿಸಿ, ಮೊಬೈಲ್ ಬಳಕೆಯ ರೀತಿಯಿಂದ ಅಲ್ಲಿನ ಕಡುಬಡವರನ್ನು ಅಂದಾಜಿಸಲಾಯಿತು. ಪ್ರದೇಶ ನೋಡಿ ಹಂಚುವ ಕ್ರಮಕ್ಕೆ ಹೋಲಿಸಿದರೆ ಅರ್ಹರು ಹೊರಗುಳಿಯುವ ತಪ್ಪು 4–21% ಕಡಿಮೆಯಾಯಿತು. ಆದರೆ ಮನೆಮನೆಯ ಪೂರ್ಣ ನೋಂದಣಿ ಇದ್ದಿದ್ದರೆ ಆಗುತ್ತಿದ್ದ ತಪ್ಪಿಗಿಂತ 9–35% ಹೆಚ್ಚೇ ಇತ್ತು. ಫೋನೇ ಇಲ್ಲದವರು ಈ ಲೆಕ್ಕದ ಕಣ್ಣಿಗೆ ಬೀಳುವುದಿಲ್ಲ. ತುರ್ತಿಗೆ ಒದಗಿದ ಈ ಉಪಾಯವನ್ನು ಜನಗಣತಿಗೆ, ನೋಂದಣಿಗೆ ಬದಲಿಯಾಗಿ ಕಾಣುವುದು ತಪ್ಪು.

ಬ್ರೆಜಿಲ್‌ನಲ್ಲಿ ದಿಕ್ಕು ತಿರುಗಿತು: ಸರ್ಕಾರ ಜನರನ್ನು ಅಳೆಯುವ ಬದಲು ಜನ ಸರ್ಕಾರವನ್ನು ಅಳೆದರು. 2016ರಲ್ಲಿ ನಾಗರಿಕರ ಚಂದಾ ಹಣದಿಂದ ಹುಟ್ಟಿದ ‘ರೋಸಿ’ ಎಂಬ ತಂತ್ರಾಂಶ ಸಂಸದರು ಸಲ್ಲಿಸಿದ ಊಟ, ಪ್ರಯಾಣದ ಬಿಲ್ಲುಗಳನ್ನು ಜಾಲಾಡಿ ಅನುಮಾನಾಸ್ಪದವಾದವನ್ನು ಬಹಿರಂಗಪಡಿಸಿತು.

ಯಂತ್ರಕ್ಕೆ ಕಲಿಸುವ ಕೂಲಿಯ ಪ್ರಶ್ನೆ ಈ ಚರಿತ್ರೆಯ ಕಹಿ ಅಧ್ಯಾಯ. ಜಗತ್ಪ್ರಸಿದ್ಧ ಸಂವಾದ ಯಂತ್ರವೊಂದನ್ನು ಸಭ್ಯಗೊಳಿಸಲು ನೈರೋಬಿಯ ಕೆಲಸಗಾರರು ಹಿಂಸೆ, ಲೈಂಗಿಕ ದೌರ್ಜನ್ಯದ ಬರಹಗಳನ್ನು ಓದಿ ವಿಂಗಡಿಸಿದ್ದು, ಅದಕ್ಕೆ ಗಂಟೆಗೆ 2 ಡಾಲರಿಗೂ ಕಡಿಮೆ ಪಡೆದದ್ದು 2023ರ ಜನವರಿಯಲ್ಲಿ ಬೆಳಕಿಗೆ ಬಂತು. ಅದೇ ವರ್ಷ ಇದಕ್ಕೆ ಪ್ರತಿಯಾದ ಮಾದರಿಯಾಗಿ ಗಮನ ಸೆಳೆದದ್ದು 2021ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ‘ಕಾರ್ಯ’ ಸಂಸ್ಥೆ. ಕರ್ನಾಟಕದ ಹಳ್ಳಿಗರು ಮೊಬೈಲ್ ಹಿಡಿದು ಕನ್ನಡ ವಾಕ್ಯಗಳನ್ನು ಒಂದೊಂದಾಗಿ ಓದಿ ಧ್ವನಿಮುದ್ರಿಸಿದರು. ಕ್ಷಯರೋಗಿಗಳ ಪ್ರಶ್ನೆಗಳಿಗೆ ಉತ್ತರಿಸುವ ಸಹಾಯಕಕ್ಕೆ ಆ ಮಾತು ಬೇಕಾಗಿತ್ತು. ಕೂಲಿ ಗಂಟೆಗೆ ಕನಿಷ್ಠ ಸುಮಾರು 5 ಡಾಲರ್. ಮಾಹಿತಿ ಮತ್ತೆ ಮಾರಾಟವಾದರೆ ಧ್ವನಿ ಕೊಟ್ಟವರಿಗೂ ಪಾಲು. ಒಬ್ಬರು ಸುಮಾರು 1,500 ಡಾಲರ್ ಗಳಿಸಿದ ಮೇಲೆ ಅವಕಾಶ ಮತ್ತೊಬ್ಬರಿಗೆ ದಾಟುವ ನಿಯಮವೂ ಅಲ್ಲಿತ್ತು. ಆಡುಮಾತನ್ನು ಆಡಿದವರ ಆಸ್ತಿಯೆಂದು ಲೆಕ್ಕದ ಪುಸ್ತಕದಲ್ಲಿ ಒಪ್ಪಿಕೊಂಡ ಇಂಥ ಏರ್ಪಾಡುಗಳು ಇನ್ನೂ ವಿರಳ.

ಭಾರತದಲ್ಲಿ ಸಾರ್ವಜನಿಕ ಹಣದ ಪ್ರಯತ್ನಗಳೂ ಇದರ ಜೊತೆ ಬೆಳೆದವು. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ‘ಭಾಷಿಣಿ’ ಎಂಬ ಭಾಷಾ ಅನುವಾದ ವೇದಿಕೆಯನ್ನು ಆರಂಭಿಸಿತು, ಐಐಟಿ ಮದ್ರಾಸಿನ ‘ಎಐ4ಭಾರತ್’ ಅನುವಾದ ಮಾದರಿಗಳನ್ನು ಮುಕ್ತವಾಗಿ ಬಿಡುಗಡೆ ಮಾಡಿತು. ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಕೈಗೊಂಡ ‘ವಾಣಿ’ ಯೋಜನೆ, ಭಾಷೆಯ ಬದಲು ಜಿಲ್ಲೆಯನ್ನು ಘಟಕವಾಗಿ ಹಿಡಿದು 773 ಜಿಲ್ಲೆಗಳ ಮಾತನ್ನು ಕಲೆಹಾಕುವ ಗುರಿ ಇಟ್ಟುಕೊಂಡಿತು. ಕಲಬುರಗಿಯ ಕನ್ನಡಕ್ಕೂ ಮಂಗಳೂರಿನ ಕನ್ನಡಕ್ಕೂ ಇರುವ ದೂರ ಬಲ್ಲವರಿಗೆ ಈ ಆಯ್ಕೆಯ ಬೆಲೆ ತಿಳಿದೀತು.

ಹಣದ ವಿಷಯದಲ್ಲಿ ಮಾತಿಗೂ ಕೃತಿಗೂ ಅಂತರ ದೊಡ್ಡದು. 2016ರ ‘ಗ್ರ್ಯಾಂಡ್ ಬಾರ್ಗೇನ್’ ಒಪ್ಪಂದದಲ್ಲಿ ದಾನಿ ದೇಶಗಳು ಮಾನವೀಯ ನೆರವಿನ 25% ಹಣವನ್ನು 2020ರೊಳಗೆ ಸ್ಥಳೀಯ ಸಂಸ್ಥೆಗಳಿಗೆ ತಲುಪಿಸುವುದಾಗಿ ಹೇಳಿದವು. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ 2021ರಲ್ಲಿ ಅದೇ 25%ದ ಮಾತು ಕೊಟ್ಟಿತು. 2023ರ ಹಣಕಾಸು ವರ್ಷದಲ್ಲಿ ಸಂದದ್ದು 10%ಕ್ಕಿಂತ ಕಡಿಮೆ. 2025ರ ಜುಲೈನಲ್ಲಿ ಆ ಸಂಸ್ಥೆಯ ಬಾಗಿಲೇ ಮುಚ್ಚಿತು. ಹೊರಗಿನ ಅನುದಾನದ ಮೇಲೆ ನಿಂತಿದ್ದ ಅನೇಕ ಪ್ರಯತ್ನಗಳಿಗೆ ಅದು ಪೆಟ್ಟಾಯಿತು.

ಆದರೂ ಕಟ್ಟುವ ಕೆಲಸ ನಿಂತಿಲ್ಲ. ಜೊಹಾನೆಸ್‌ಬರ್ಗ್‌ನ ‘ಲೆಲಾಪಾ ಎಐ’ 2024ರಲ್ಲಿ ಸ್ವಾಹಿಲಿ, ಯೊರುಬಾ, ಹೌಸಾ, ಜುಲು, ಖೋಸಾ ಭಾಷೆಗಳಿಗಾಗಿ ‘ಇನ್‌ಕುಬಾ’ ಎಂಬ ಪುಟ್ಟ ಭಾಷಾಮಾದರಿಯನ್ನು ಹೊರತಂದಿತು. 2025ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾಗಳ ಸಂಶೋಧಕರು ‘ಆಫ್ರಿಕನ್ ನೆಕ್ಸ್ಟ್ ವಾಯ್ಸಸ್’ ಯೋಜನೆಯಲ್ಲಿ 18 ಭಾಷೆಗಳ ಸುಮಾರು 9,000 ಗಂಟೆಗಳ ಮಾತನ್ನು ಪ್ರಕಟಿಸಿದರು. ಅದಕ್ಕೆ ಹಣ ಕೊಟ್ಟದ್ದು ಅಮೆರಿಕದ ಗೇಟ್ಸ್ ಪ್ರತಿಷ್ಠಾನ. ಬೇಸಾಯ, ಆರೋಗ್ಯ, ಶಿಕ್ಷಣದ ದಿನನಿತ್ಯದ ಮಾತುಕತೆಯನ್ನು ಮುದ್ರಿಸಿ ಜೋಡಿಸಿದವರು ಆ ಮೂರು ದೇಶಗಳ ತಂಡಗಳು. ಸಂಗ್ರಹವನ್ನು ಯಾರು ಬೇಕಾದರೂ ಬಳಸಬಹುದು.