ದಿನಸಿ ಅಂಗಡಿಯ ಕವಿ

ಮೊಜಾರ್ಟ್‌ನ ‘ಫಿಗರೊ’, ‘ಡಾನ್ ಜಿಯೊವಾನಿ’ ಸಂಗೀತ ನಾಟಕಗಳಿಗೆ ಸಾಹಿತ್ಯ ರಚಿಸಿದಾತ ಮುಂದೆ ಅಮೆರಿಕದಲ್ಲಿ ದಿನಸಿ ಮಾರಿದ ಎಂದರೆ ನಂಬುವುದು ಕಷ್ಟ. ಲೊರೆಂಜೊ ದ ಪೊಂತೆಯ ಬಾಳು ಹಾಗೆಯೇ ತಿರುಗಿತು.

ವಿಯೆನ್ನಾದಲ್ಲಿ ಅವನಿಗೆ ಆಶ್ರಯ ನೀಡಿದ್ದ ಚಕ್ರವರ್ತಿ ಎರಡನೆಯ ಜೋಸೆಫ್ 1790ರಲ್ಲಿ ತೀರಿಕೊಂಡ. ಮರುವರ್ಷವೇ ಆಸ್ಥಾನದ ಕೆಲಸ ಹೋಯಿತು. ಲಂಡನ್ನಿನಲ್ಲಿ ಸಾಲ ಕುತ್ತಿಗೆಗೆ ಬಂತು. 1805ರಲ್ಲಿ, 56ನೆಯ ವಯಸ್ಸಿನಲ್ಲಿ, ಆತ ಅಮೆರಿಕದ ಹಡಗು ಹತ್ತಿದ. ಹೆಂಡತಿ ಮಕ್ಕಳು ಆಗಲೇ ಅಲ್ಲಿಗೆ ಹೋಗಿದ್ದರು.

ಇಟಾಲಿಯನ್ ಒಪೆರಾದ ಗಂಧವೇ ಅಷ್ಟಾಗಿ ಇಲ್ಲದ ನಾಡು ಅದು. ವಿಯೆನ್ನಾದ ಕೀರ್ತಿ ಅಲ್ಲಿ ಯಾವ ಲೆಕ್ಕಕ್ಕೆ? ಅಂಗಡಿ ಇಟ್ಟ, ನಷ್ಟವಾಯಿತು. ನ್ಯೂಯಾರ್ಕಿನ ಪುಸ್ತಕದಂಗಡಿಯೊಂದರಲ್ಲಿ ಕ್ಲೆಮೆಂಟ್ ಮೂರ್ ಎಂಬ ವಿದ್ವಾಂಸನ ಪರಿಚಯವಾದದ್ದೇ ಅದೃಷ್ಟ. ಅವನ ನೆರವಿನಿಂದ ಇಟಾಲಿಯನ್ ಪಾಠ ಹೇಳತೊಡಗಿದ. 1825ರಲ್ಲಿ ಕೊಲಂಬಿಯಾ ಕಾಲೇಜು ಈ 76ರ ಮುದುಕನನ್ನು ತನ್ನ ಮೊದಲ ಇಟಾಲಿಯನ್ ಪ್ರಾಧ್ಯಾಪಕನನ್ನಾಗಿ ನೇಮಿಸಿತು. ಪದವಿಯೇನೋ ದೊಡ್ಡದು, ಸಂಬಳ ಮಾತ್ರ ಸೊನ್ನೆ. ಶಿಷ್ಯರು ಕೊಟ್ಟ ಶುಲ್ಕವಷ್ಟೇ ವರಮಾನ.

ಮರುವರ್ಷ ಸ್ಪೇನಿನ ಗಾಯಕ ಗಾರ್ಸಿಯಾನ ತಂಡ ನ್ಯೂಯಾರ್ಕಿನಲ್ಲಿ ‘ಡಾನ್ ಜಿಯೊವಾನಿ’ ಆಡಿತು. ಪ್ರಾಗ್ ನಗರದಲ್ಲಿ ಅದು ಮೊದಲು ರಂಗವೇರಿ ಆಗ 38 ವರ್ಷ ಕಳೆದಿತ್ತು. ಮೊಜಾರ್ಟ್ ತೀರಿಕೊಂಡು 34. ಆ ಉತ್ಸಾಹದಲ್ಲೇ ಇರಬೇಕು, 1833ರಲ್ಲಿ, 84ರ ಇಳಿವಯಸ್ಸಿನಲ್ಲಿ, ಅಲ್ಲಿ ಒಪೆರಾ ಭವನವೊಂದನ್ನು ತೆರೆಯಲು ಮುಂದಾಳಾಗಿ ನಿಂತ. ಅದೂ ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. 1838ರಲ್ಲಿ ನ್ಯೂಯಾರ್ಕಿನಲ್ಲೇ ತೀರಿಕೊಂಡ.